ಆಲ್‌ಸ್ಟಾರ್ ಪಂದ್ಯದಲ್ಲಿ ತಡೆದವಳು

ಜೂನ್ 8, ಶನಿವಾರ, ಸಂಜೆ

ಮತ್ತೆ ಅದೇ ಗಟ್ಟಿ ಬೆಂಚು, ಅದೇ ಉಪ್ಪುಪ್ಪು ಪಾಪ್‌ಕಾರ್ನ್. ಇಂಡಿಯಾನಾದ ಹೈಸ್ಕೂಲು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಆಲ್‌ಸ್ಟಾರ್ ಪಂದ್ಯ, ರಾಜ್ಯದ ಆಯ್ದ ಆಟಗಾರ್ತಿಯರ ಪ್ರದರ್ಶನದಾಟ. ನಮ್ಮ ಕಾಲೇಜು ತಂಡದಲ್ಲಿ ಒಂದೇ ಸ್ಕಾಲರ್‌ಶಿಪ್ ಉಳಿದಿದೆ. ಯಾರಿಗೆ ಕೊಡುವುದೆಂದು ನೋಡಲು ಕೋಚ್ ಗ್ರೇಬಿಲ್ ತನ್ನ ಸಹಾಯಕಿಯಾದ ನನ್ನನ್ನೂ ಎಳೆತಂದ. ನೋಡುವುದೇನು, ಮಣ್ಣು! ಈ ಪಂದ್ಯದಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ತಡೆಯದಿರುವುದೇ ಮರ್ಯಾದೆ. ನೀನು ಹಾಕು, ಆಮೇಲೆ ನಾನು ಹಾಕುತ್ತೇನೆ — ಬೀಗರೂಟದ ಉಪಚಾರ.

ಒಬ್ಬಳು ಮಾತ್ರ ತಡೆದಳು. ರೆನೇಟಾ ಓಕ್ಸ್. ಯಾವುದೋ ಸಣ್ಣ ಊರಿನ ಶಾಲೆ. ಎಲ್ಲರೂ ಹಾಡಿ ಹೊಗಳುವ ಬ್ರಿನ್ಲಿ ಕ್ರೌಚ್‌ಗೆ ಅಂಟಿಕೊಂಡೇ ನಿಂತಳು. ಚೆಂಡು ಕಸಿದಳು. ಬಿದ್ದು ಮೊಣಕೈ ತರಚಿಕೊಂಡಳು. ಜನ ಛೀಮಾರಿ ಹಾಕಿದರು.

"ಏ, ಇದೇನ್ ಫೈನಲ್ಲಾ? ಸ್ವಲ್ಪ ಬಿಡೇ!" ಅಂದಳು ಬ್ರಿನ್ಲಿ.

"ಬಿಡೋದು ನಂಗೆ ಯಾರೂ ಹೇಳ್ಕೊಟ್ಟಿಲ್ಲ."

ಎದ್ದು ಚಪ್ಪಾಳೆ ತಟ್ಟಿದೆ. ಗ್ರೇಬಿಲ್ ತೋಳು ಹಿಡಿದು ಕೂರಿಸಿದ. ದ್ವಿತೀಯಾರ್ಧದಲ್ಲಿ ಅವಳ ತಂಡದವರು ಅವಳನ್ನು ಆಡಿಸಲೇ ಇಲ್ಲ. ನಾಚಿಕೆಗೇಡು.

ಜೂನ್ 10, ಸೋಮವಾರ

ಗ್ರೇಬಿಲ್ ಜೊತೆ ಮೀಟಿಂಗ್. ಮೈಯೆಲ್ಲ ಉರಿ.

"ಬ್ರಿನ್ಲಿ ಮೂವತ್ತು ಪಾಯಿಂಟ್ ಹೊಡೆದ್ಲು, ವರ್ನಾ. ನಿನ್ ಹುಡುಗಿ ನಾಲ್ಕು."

"ಅಷ್ಟೂ ಹೊಡೆದದ್ದು ಇವಳು ಬೆಂಚಲ್ಲಿ ಕೂತ್ಮೇಲೆ. ನೀವು ನೋಡ್ಲಿಲ್ವಾ?"

"ಎಲ್ಲಿ ಹೇಗಿರ್ಬೇಕು ಅಂತ ಗೊತ್ತಿಲ್ಲ ಅವಳಿಗೆ. ನಾಳೆ ನನ್ ಮಾತೂ ಕೇಳಲ್ಲ."

ತಡೆಯುವವರಿಲ್ಲದೆ ಕಳೆದ ವರ್ಷ ಎಲ್ಲರ ಕೈಲೂ ಒದೆ ತಿಂದ ತಂಡ ನಮ್ಮದು! ಹೇಳಿದೆ, ಮತ್ತೆ ಹೇಳಿದೆ... ಕೋಣನ ಮುಂದೆ ಕಿನ್ನರಿ. ಸ್ಕಾಲರ್‌ಶಿಪ್ ಬ್ರಿನ್ಲಿಗೆ. ಇಲ್ಲವೆಂದು ರೆನೇಟಾಗೆ ಫೋನ್ ಮಾಡುವ ಕೆಲಸ ನನಗೆ.

"ನಾನೇನ್ ತಪ್ಪು ಮಾಡ್ದೆ, ಮ್ಯಾಮ್?"

"ಏನೂ ಇಲ್ಲ ಕಣಮ್ಮ. ಬೇರೆ ಕಾಲೇಜಿನೋರು ಯಾರಾದ್ರೂ...?"

"ಯಾರೂ ಇಲ್ಲ. ಪರ್ವಾಗಿಲ್ಲ. ಅಮ್ಮನ ಜೊತೆ ಟ್ರೇಲರ್ ಗಾಡಿ ಮಾಡೋ ಫ್ಯಾಕ್ಟರಿಗೆ ಕೆಲ್ಸಕ್ಕೆ ಹೋಗ್ತೀನಿ."

ಪರವಾಗಿಲ್ಲವಂತೆ! ಆ ಮಾತಿಗೇ ಅಳು ಬಂತು.

ಜೂನ್ 13, ಬೆಳಗ್ಗೆ

ಮಾಡಬಾರದ್ದು ಮಾಡಿದೆ. ಇಮೋಜೆನ್ ಟಿಬ್ಸ್‌ಗೆ ಫೋನ್. ನದಿಯಾಚೆ ಕಾಲೇಜಿನ ಕೋಚ್, ನಮ್ಮ ಬದ್ಧ ಎದುರಾಳಿ. ಗ್ರೇಬಿಲ್‌ಗೆ ತಿಳಿದರೆ ಕೆಲಸ ಹೋದಂತೆಯೇ. ಹೋಗಲಿ.

"ನಿಮಗೇ ಬೇಡವಾದೋಳನ್ನ ನನ್ ತಲೆಗೆ ಕಟ್ತೀಯಾ?" ಎಂದು ನಕ್ಕಳು.

"ವಿಡಿಯೋ ಕಳಿಸ್ತೀನಿ. ಮೊದಲ ಅರ್ಧ ಮಾತ್ರ ನೋಡು."

ತಿಂಡಿ ಮುಗಿಸುವುದರೊಳಗೆ ಅವಳದೇ ಫೋನ್. "ಇವಳನ್ನ ಬಿಟ್ರಾ? ನಿಮಗೇನ್ ತಲೆ ಕೆಟ್ಟಿದ್ಯಾ? ನಂಬರ್ ಕೊಡು!"

ಕೊಟ್ಟೆ.

ನವೆಂಬರ್ 23, ಶನಿವಾರ

ಇಂದು ನಮ್ಮದೇ ಅಂಗಳದಲ್ಲಿ ಟಿಬ್ಸ್‌ಳ ತಂಡ. ಬ್ರಿನ್ಲಿಯನ್ನು ತಡೆಯಲು ರೆನೇಟಾ. ಅರ್ಧ ಆಟಕ್ಕೆ ಬ್ರಿನ್ಲಿಯ ಗಳಿಕೆ ಎರಡು ಪಾಯಿಂಟ್. ಪಾಪ, ಮುಖಕ್ಕೆ ಟವೆಲ್ ಹಾಕಿಕೊಂಡು ಕೂತಿದ್ದಳು. ವಿರಾಮದಲ್ಲಿ, ಡ್ರೆಸ್ಸಿಂಗ್ ರೂಮಿನಲ್ಲಿ, ಗ್ರೇಬಿಲ್ ಕಸದ ಡಬ್ಬ ಒದ್ದ.

"ಯಾರವಳು? ಎಲ್ಲಿದ್ಲು ಇಷ್ಟು ದಿನ? ಇಂಥೋಳನ್ನ ನಂಗ್ಯಾಕೆ ಯಾರೂ ತೋರಿಸ್ಲಿಲ್ಲ?"

ಅವನಿಗೆ ನೆನಪೇ ಇಲ್ಲ! ಹೆಸರೂ ಇಲ್ಲ, ಮುಖವೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದ.

"ವರ್ನಾ, ಇಂಥೋರನ್ನ ಹುಡುಕೋದು ನಿನ್ ಕೆಲ್ಸ ಅಲ್ವಾ?"

ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಐದು ತಿಂಗಳು ನುಂಗಿಕೊಂಡದ್ದು ಸಾಕು. "ಕೋಚ್," ಅಂದೆ, "ಅವಳನ್ನ ಅಲ್ಲಿಗೆ ಕಳಿಸಿದ್ದು ನಾನೇ. ಜೂನ್‌ನಲ್ಲಿ ನಿಮಗೆ ತೋರಿಸಿದ್ದೂ ನಾನೇ, ಬೇಡ ಅಂದಿದ್ದು ನೀವು."