ಬೆಳ್ಳಿಹಬ್ಬದ ಬಿಸಿಲು

ಅಪ್ಪಾ,

ಬೀದಿಯಲ್ಲಿ ಹಾಕಿದ ಊಟದ ಮೇಜುಗಳನ್ನು ಇನ್ನೂ ತೆಗೆದಿಲ್ಲ. ನಾನು ಮಾತ್ರ ಎದ್ದು ಬಂದುಬಿಟ್ಟೆ. ಕೂರಲಾಗದೆ ಅಡುಗೆಮನೆಯಲ್ಲಿ ನಿಂತೇ ಬರೀತಿದ್ದೇನೆ.

ಬ್ರಿಟಿಷ್ ರಾಣಿ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷವಾಯಿತು ಅಂತ ಇವತ್ತು ಔತಣ. ನೀನು ತೀರಿಹೋದಮೇಲೆ ಬೀದಿಯವರು ನನ್ನನ್ನೂ ಕರೆಯುತ್ತಾರೆ. ಕೇಕ್ ತಿನ್ನುತ್ತಾ ಎಲ್ಲರೂ ನಾವು ಚಿಕ್ಕವರಿದ್ದಾಗ ಇದೇ ಬೀದಿಯಲ್ಲಿ ನಡೆದ ರಾಣಿಯ ಬೆಳ್ಳಿಹಬ್ಬದ ಔತಣದ ಮಾತು ತೆಗೆದರು.

"ಎಂಥ ಬಿಸಿಲು ಅವತ್ತು," ಅಂದಳು ಪಕ್ಕದ ಮನೆ ಗ್ಲೆನಿಸ್. "ನಿಮ್ಮಪ್ಪ ಮಾತ್ರ ರಾಣಿ ಮೇಲಿನ ಸಿಟ್ಟಿಗೆ ಪರದೆ ಎಳಕೊಂಡು ಒಳಗೇ ಕೂತಿದ್ರಲ್ಲ, ಗೂಬೆ ಹಾಗೆ."

ಎಲ್ಲರೂ ನಕ್ಕರು.

ಅವತ್ತು ಮಳೆ ಬಂದಿತ್ತು ಅಪ್ಪಾ. ನೀನು ನನ್ನನ್ನೂ ಹೋಗಗೊಡದೆ ಕಿಟಕಿಯ ಹತ್ತಿರ ಕೂರಿಸಿಕೊಂಡಿದ್ದೆ. ಮಕ್ಕಳ ತಟ್ಟೆಗಳು ನೆನೆಯುವುದನ್ನು ನೋಡಿ, "ಇವರ ರಾಣಿ ಮನೆ ಹಾಳಾಗ," ಅಂತ ಬೈಯುತ್ತಲೇ ನೀನು ಓಡಿಸುತ್ತಿದ್ದ ಲಾರಿಯ ಟಾರ್ಪಾಲು ಹೊತ್ತು ಓಡಿದೆ. ಅವರು ತಿಂದು ಮುಗಿಸುವವರೆಗೂ ಅದರ ತುದಿ ಹಿಡಿದು ನೆನೆಯುತ್ತ ನಿಂತವನು ನೀನು. ಆ ಟಾರ್ಪಾಲಿನಡಿ ಗ್ಲೆನಿಸ್ ಕೂಡ ಇದ್ದಳು.

ಹೇಳೋಣ ಅಂತ ನಿಂತಲ್ಲೇ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸರಿದು ಜಾಗ ಮಾಡಿ, "ಬಾರೇ, ಈ ಸಲನಾದ್ರೂ ನಮ್ಮ ಜೊತೆ ಕೂತ್ಕೋ," ಅಂದಳು.

ಕೂತೆ. "ಹೌದು," ಅಂದೆ, "ಒಳ್ಳೇ ಬಿಸಿಲಿತ್ತು."