ಗೇಟಿನ ಗಡಿಯಾರ ಹತ್ತು ನಿಮಿಷ ಮುಂದಿತ್ತು

ಮಾನ್ಯ ವಿಚಾರಣಾಧಿಕಾರಿಗಳೇ,

ನನ್ನ ಗಂಡ ಕಾರ್ಖಾನೆಯ ಗೇಟು ದಾಟುವ ಮೊದಲೇ ಒಳಗಿನ ಕಂಪ್ಯೂಟರಿನಲ್ಲಿ ಕೆಲಸ ಶುರುಮಾಡಿದ್ದರು ಎನ್ನುತ್ತವೆ ತಾವು ನಂಬಿರುವ ದಾಖಲೆಗಳು. ಇಂಥ ಸಿದ್ಧಿ ಅವರಿಗಿದೆ ಎಂದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಗುಜರಾತಿಯಲ್ಲಿ ಬರೆಸಿದ ಅರ್ಜಿಗೂ ಇಂಗ್ಲಿಷಿನ ಅರ್ಜಿಗೂ ತಾವು ಉತ್ತರಿಸಲಿಲ್ಲ. ಓದುವುದೇ ಇಲ್ಲವೆಂದ ಮೇಲೆ ಯಾವ ಭಾಷೆಯಾದರೇನು ಎಂದು ಈ ಸಲ ಅಹಮದಾಬಾದಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ನನ್ನ ಗಂಡ ಗೋಪಾಲಕೃಷ್ಣ ನರೋಡಾದ ಒಂದು ರಾಸಾಯನಿಕ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಅನಿಲ ಸೋರಿತು. ಅಲಾರಂ ಹೊಡೆದುಕೊಂಡಾಗ ಅವರು ತಮ್ಮ ಪಾಸ್‌ವರ್ಡ್ ಹಾಕಿ ವಾಲ್ವ್ ಮುಚ್ಚಿಸಿದರು, ಹೊರಗೆ ಓಡಿ ಎಂದು ಮೈಕಿನಲ್ಲಿ ಕೂಗಿದರು. ಆದರೂ ಇಬ್ಬರು ಆಸ್ಪತ್ರೆ ಸೇರಿದರು. ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಿದ ಸಮಯವನ್ನೂ ಗೇಟಿನ ಕಂಪ್ಯೂಟರಿನಲ್ಲಿ ಅವರು ಬೆರಳೊತ್ತಿ ಒಳಬಂದ ಸಮಯವನ್ನೂ ತಾವು ಹೋಲಿಸಿದಿರಿ. ಒಳಬಂದದ್ದೇ ಆಮೇಲೆ ಎಂದು ಕಂಡಿತು. ಹಾಗಾಗಿ ಅವರು ತಡವಾಗಿ ಬಂದರು, ಪಾಸ್‌ವರ್ಡನ್ನು ಬೇರೆ ಯಾರಿಗೋ ಕೊಟ್ಟಿದ್ದರು, ಆ ಯಾರೋ ಎಡವಟ್ಟು ಮಾಡಿದ್ದಾರೆ ಎಂದು ತೀರ್ಮಾನಿಸಿದಿರಿ. ಅವರೀಗ ಅಮಾನತಿನಲ್ಲಿದ್ದಾರೆ. ವಜಾ ಆದೇಶ ತಮ್ಮ ಅಂತಿಮ ವರದಿಗಾಗಿ ಕಾಯುತ್ತಿದೆ.

ನಾನು ಬೋಡಕ್‌ದೇವ್‌ನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವವಳು. ಎರಡು ಯಂತ್ರಗಳ ಮಾತು ತಾಳೆಯಾಗದಿದ್ದರೆ, ಎರಡರ ಗಡಿಯಾರವೂ ಒಂದೇ ಇದೆಯೇ ಎಂದು ನಾವು ಮೊದಲು ನೋಡುತ್ತೇವೆ. ಜಾಲದ ಕಂಪ್ಯೂಟರುಗಳೆಲ್ಲ ಒಂದು ಮುಖ್ಯ ಗಡಿಯಾರವನ್ನು ಕೇಳಿ ತಮ್ಮ ಸಮಯ ತಿದ್ದಿಕೊಳ್ಳಬೇಕು. ಗೇಟಿನ ಕಂಪ್ಯೂಟರ್ ಕೇಳುತ್ತಿರಲಿಲ್ಲ. ಅದೇನೂ ಕೆಟ್ಟಿರಲಿಲ್ಲ, ಕೇಳದಂತೆ ಮಾಡಿಟ್ಟಿದ್ದರು. ಗೇಟು ಕಾಯುವ ನಿತೇಶ್‌ಭಾಯಿಯೇ ನನಗೆ ಹೇಳಿದರು: “ಬೆನ್, ವೋ ತೋ ಹಮ್ ದಸ್ ಮಿನಿಟ್ ಆಗೇ ಹೀ ರಖತೇ ಹೈ. ನಹೀ ತೋ ಟೈಮ್ ಪೇ ಕೌನ್ ಆತಾ ಹೈ?” ಜನ ಹೊತ್ತಿಗೆ ಸರಿಯಾಗಿ ಬರಲಿ ಎಂದು ಗಡಿಯಾರವನ್ನೇ ಹತ್ತು ನಿಮಿಷ ಮುಂದೆ ಓಡಿಸುವುದು. ನನ್ನ ಗಂಡ ಹೊತ್ತಿಗೆ ಸರಿಯಾಗಿ ಬೆರಳೊತ್ತಿದರೂ ಅದು ಹತ್ತು ನಿಮಿಷ ತಡವೆಂದೇ ಬರೆದುಕೊಂಡಿತು. ನಮ್ಮ ಮನೆಯ ಗೋಡೆ ಗಡಿಯಾರವೂ ಹತ್ತು ನಿಮಿಷ ಮುಂದೆಯೇ ಇತ್ತು, ತಮ್ಮ ಮನೆಯದೂ ಇದ್ದೀತು. ಆದರೆ ಗೋಡೆ ಗಡಿಯಾರದ ಮಾತು ಕೇಳಿ ಯಾರೂ ಯಾರ ಅನ್ನವನ್ನೂ ಕಿತ್ತುಕೊಳ್ಳುವುದಿಲ್ಲ.

ಆಸ್ಪತ್ರೆ ಸೇರಿದ್ದವರಲ್ಲಿ ಒಬ್ಬರಾದ ಮಂಥನ್, ಮೈಕಿನಲ್ಲಿ ಗೋಪಾಲ್‌ಭಾಯಿಯ ದನಿ ಕೇಳಿಯೇ ತಾನು ಓಡಿದ್ದೆಂದು ತಮ್ಮೆದುರು ಹೇಳಿದರು. ಅನಿಲ ಕುಡಿದು ತಲೆ ಸುತ್ತಿದವನ ಮಾತು ಎಂದು ತಾವು ತಳ್ಳಿಹಾಕಿದಿರಿ. ಗಡಿಯಾರ ನೋಡಿ ಎಂದು ನಾನು ಅಂಗಲಾಚಿದರೆ “ಕಂಪ್ಯೂಟರ್ ಝೂಟ್ ನಹೀ ಬೋಲತಾ” ಎಂದಿರಿ. ಒಪ್ಪಿದೆ, ಅದು ಸುಳ್ಳು ಹೇಳುವುದಿಲ್ಲ. ಹೇಳಿಕೊಟ್ಟದ್ದನ್ನು ಹೇಳುತ್ತದೆ. ಕೊನೆಗೆ ತಾವು ಗೇಟಿಗೆ ಹೋಗುವಷ್ಟರಲ್ಲಿ ಅದು ಸರಿಯಾದ ಸಮಯ ತೋರಿಸುತ್ತಿತ್ತು. ಕಾರ್ಖಾನೆಯವರು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದಲ್ಲದೆ, ಬಾಗಿಲು ತೆರೆದೇ ಇರಲಿಲ್ಲ ಎಂದೂ ವಾದಿಸುತ್ತಿದ್ದಾರೆ. ನಿತೇಶ್‌ಭಾಯಿಗೆ ಈಗ ಏನೂ ನೆನಪಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಬೈಯಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಮಗಳು ಕಾವ್ಯಾ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು: “ಮಮ್ಮಿ, ಪಪ್ಪಾ ಸಚ್ಚಿ ಲೇಟ್ ಹೋಗಿದ್ರಾ?” ಒಳಗಿದ್ದ ಅವರಿಗೆ ಕೇಳಿಸಿತು. ಎದ್ದು ಬಂದು, ಸ್ಟೂಲ್ ಹತ್ತಿ, ಗೋಡೆ ಗಡಿಯಾರವನ್ನು ಇಳಿಸಿ ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು. “ಇನ್ನು ಯಾವ ಅವಸರ ಇದೆ ಗಿರಿಜಾ” ಎಂದರು. ನನಗೆ ಅಂದಿನಿಂದ ಸಿಟ್ಟಿಗಿಂತ ಹೆಚ್ಚಾಗಿ ಭಯವಾಗುತ್ತಿದೆ.

ಗಡಿಯಾರವನ್ನು ಯಾವಾಗ ತಿದ್ದಿದರು ಎಂಬ ಗುರುತು ಗೇಟಿನ ಕಂಪ್ಯೂಟರಿನೊಳಗೆ ಇನ್ನೂ ಇರಬಹುದು. ಹೊಸ ಗುರುತುಗಳು ತುಂಬಿದಂತೆ ಹಳೆಯವು ತಾವಾಗಿಯೇ ಅಳಿಯುತ್ತವೆ. ಅಳಿಯುವ ಮುನ್ನ ಆ ಯಂತ್ರಕ್ಕೆ ಮೊಹರು ಹಾಕಿಸಿ, ತಿಳಿದವರಿಂದ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ವರದಿಗೆ ಸಹಿ ಹಾಕಬೇಡಿ. ನಮ್ಮ ಗೋಡೆ ಗಡಿಯಾರವನ್ನು ಮತ್ತೆ ಹತ್ತು ನಿಮಿಷ ಮುಂದಕ್ಕೆ ತಿರುಗಿಸಲು ಅವರಿಗೊಂದು ಕಾರಣ ಕೊಡಿ.

ಇಂತಿ,
ಸರಿಯಾದ ಸಮಯ ತೋರಿಸುವ ಮನೆಯಿಂದ,
ಗಿರಿಜಾ ಗೋಪಾಲಕೃಷ್ಣ