ಟೀಚರ್ ಹೊಲಿದ ಡೊಂಕು ಕೌದಿ

ನವೆಂಬರ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕ್ಷೇಮವಾಗಿದ್ದೀಯೆ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಏಳು ವಾರವಾಯಿತು. ಓದಿ, ಮಡಿಸಿ ಮೇಜಿನ ಮೇಲಿಟ್ಟಿದ್ದೇನೆ. ದಿನವೂ ಕಣ್ಣಿಗೆ ಬೀಳುತ್ತದೆ, ದಿನವೂ ನಾಳೆ ಬರೆದರಾಯಿತು ಎಂದುಕೊಳ್ಳುತ್ತೇನೆ. ಬೇಸರ ಮಾಡಿಕೊಳ್ಳಬೇಡ. ಮೈಗೇನೂ ಆಗಿಲ್ಲ. ಮನಸ್ಸು ಸರಿಯಿರಲಿಲ್ಲ. ಅಂಥ ಮನಸ್ಸಿನಲ್ಲಿ ಬರೆಯಲು ಕೂತಿದ್ದರೆ ಎಲ್ಲ ಚೆನ್ನಾಗಿದೆ ಎಂದು ಎರಡು ಸಾಲು ಗೀಚಿ ಕಳಿಸಿಬಿಡುತ್ತಿದ್ದೆ.

ಮುಂದಿನ ಕೋಣೆಯ ಆನೆ ಗಟ್ಟಿಮುಟ್ಟಾಗಿದೆ. ನಾನು ಕೆಲಸ ಮಾಡುತ್ತಿದ್ದ ಹಾಸಿಗೆ ಕಾರ್ಖಾನೆ ಮುಚ್ಚಿದಾಗ ಬಿಡಿಬಿಡಿ ಮಾಡಿಸಿ ಮನೆಗೆ ತಂದ ಯಂತ್ರ ಅದು. ನೀನು ಒಂದೇ ಸಲ ನೋಡಿದ್ದೀಯೆ. ಹನ್ನೆರಡು ಅಡಿಯ ಚೌಕಟ್ಟು, ಬಟ್ಟೆ ಸುತ್ತಲು ಉರುಳೆಗಳು, ಅದರ ಮೇಲೆ ಸೊಂಡಿಲಿನ ಹಾಗೆ ಚಾಚಿದ ಉದ್ದ ತೋಳು, ತೋಳಿನ ತುದಿಗೆ ಸೂಜಿ. ಮಾಮೂಲಿ ಯಂತ್ರದಲ್ಲಿ ಬಟ್ಟೆ ಓಡುತ್ತದೆ. ಇದರಲ್ಲಿ ಬಟ್ಟೆ ಬಿಗಿಯಾಗಿ ನಿಂತಿರುತ್ತದೆ, ಹಿಡಿ ಹಿಡಿದು ಯಂತ್ರವನ್ನೇ ಓಡಿಸಬೇಕು. ಗೆಳತಿಯರು ತುಂಡು ಬಟ್ಟೆ ಜೋಡಿಸಿ ಕೌದಿಯ ಮೇಲುಹಾಸು ಮಾಡಿ ತರುತ್ತಾರೆ. ನಾನು ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಪದರ ಇಟ್ಟು ಮೂರನ್ನೂ ಸೇರಿಸಿ ಹೊಲಿದು, ಅಂಚು ಕಟ್ಟಿ ಕೊಡುತ್ತೇನೆ. "ಹೆರೋರು ನಾವು, ಸ್ನಾನ ಮಾಡಿಸಿ ಮಲಗಿಸೋಳು ನೀನು," ಎನ್ನುತ್ತಾಳೆ ಪಕ್ಕದ ಬೀದಿಯ ನರ್ಸಮ್ಮ.

ಈಗ ಹೇಳಬೇಕಾದದ್ದು ಟೀಚರ ವಿಷಯ. ನಿನಗೆ ಎಂಟನೇ ತರಗತಿಯಲ್ಲಿ ಲೆಕ್ಕ ಕಲಿಸಿದವರೇ. ಎಪ್ಪತ್ತು ದಾಟಿದೆ. ನಲವತ್ತು ಕೌದಿ ಹೊಲಿದಿದ್ದಾರೆ. ಒಂದರಲ್ಲೂ ಚೌಕದ ಮೂಲೆ ಮೂಲೆಗೆ ಕೂಡದೆ ಇದ್ದದ್ದಿಲ್ಲ. ನಮ್ಮ ಕೆಲಸಕ್ಕೆ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಡುವುದು ಅವರ ಚಾಳಿ. ನರ್ಸಮ್ಮನಿಗೆ ಇದುವರೆಗೆ ನಾಲ್ಕು ದಾಟಿಲ್ಲ.

ಆಗಸ್ಟ್ ಕೊನೆಗೆ ಅವರು ಒಂದು ಮೇಲುಹಾಸು ತಂದರು, ಮೊಮ್ಮಗಳಿಗೆಂದು. ಚೀಲವನ್ನು ಮೇಜಿನ ಮೇಲಿಟ್ಟು, "ನಿಧಾನಕ್ಕೆ ಮಾಡು, ಅವಸರ ಏನಿಲ್ಲ," ಎಂದು ಚಹಾ ಕೂಡ ಕುಡಿಯದೆ ಹೊರಟುಹೋದರು. ಬಿಚ್ಚಿ ಹರಡಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಚೌಕಗಳು ಒಂದರ ಮೇಲೊಂದು ಜಾರಿದ್ದವು. ಒಂದು ಸಾಲು ಹಾವಿನ ಹಾಗೆ ಹರಿದಿತ್ತು. ಹೊಲಿಗೆ ಎಲ್ಲೋ ಶುರುವಾಗಿ ಎಲ್ಲೋ ಮುಗಿದಿತ್ತು. ಅವರ ಬಲಗೈ ನಡುಗುತ್ತದೆ ಎಂಬುದು ಆಗ ನೆನಪಾಯಿತು. ಎಷ್ಟೋ ದಿನದಿಂದ ಆ ಕೈಯನ್ನು ಅವರು ಸೆರಗಿನಲ್ಲಿ ಇಟ್ಟುಕೊಂಡೇ ಕೂರುತ್ತಿದ್ದರು. ನಾವು ನೋಡಿದ್ದೆವು, ಕೇಳಿರಲಿಲ್ಲ.

ಅಷ್ಟು ಉಬ್ಬುತಗ್ಗು ಇದ್ದರೆ ಯಂತ್ರದಲ್ಲಿ ನೆರಿಗೆ ಬೀಳುತ್ತದೆ, ಅದು ನಿಜ. ಅವರನ್ನು ಒಂದು ಮಾತು ಕೇಳಬಹುದಿತ್ತು, ಅದೂ ನಿಜ. ನಾನು ಕೇಳಲಿಲ್ಲ. ಪಾಪ, ನಾಚಿಕೆಯಾದೀತು ಎಂದುಕೊಂಡೆ. ಇಡೀ ಮೇಲುಹಾಸನ್ನು ಬಿಚ್ಚಿದೆ. ಒಂದೊಂದು ಚೂರಿಗೂ ಇಸ್ತ್ರಿ ಮಾಡಿ, ಅಂಚು ಕತ್ತರಿಸಿ, ನಾಲ್ಕು ದಿನ ಕೂತು ನೂಲು ಹಿಡಿದ ಹಾಗೆ ನೆಟ್ಟಗೆ ಜೋಡಿಸಿದೆ. ಆಮೇಲೆ ಆನೆಯ ಮೇಲೆ ಹಾಕಿ ಎಲೆ-ಬಳ್ಳಿಯ ಹೊಲಿಗೆ ಹಾಕಿದೆ. ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತೆ? ಒಳಗೊಳಗೇ ಬೀಗಿದ್ದೆ.

ಟೀಚರ್ ಬಂದರು. ಕನ್ನಡಕ ಹಾಕಿಕೊಂಡು, ಎಡಗೈ ಬೆರಳನ್ನು ಹೊಲಿಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಆಡಿಸಿದರು. ಎರಡನೇ ಸಾಲಿಗೂ ಹಾಗೇ ಮಾಡಿದರು. ಮೂರನೆಯದಕ್ಕೆ ಹೋಗಲಿಲ್ಲ.

"ಇದು ಯಾರ ಕೌದಿ?"

"ನಿಮ್ಮದೇ, ಟೀಚರ್."

"ನನ್ನದಲ್ಲ. ನನ್ನ ಬಟ್ಟೆ ಅಷ್ಟೆ."

ನಾನು ನೆರಿಗೆ, ಉಬ್ಬು, ಯಂತ್ರ ಎಂದು ಏನೇನೋ ತಡವರಿಸಿದೆ. ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಡಾಕ್ಟರು ಮುಂದಿನ ವರ್ಷ ಸೂಜಿ ಹಿಡಿಯೋಕಾಗಲ್ಲ ಅಂದ್ರು. ಇದಕ್ಕೆ ಐದು ತಿಂಗಳು ಹಿಡೀತು. ಮಿಕ್ಕ ನಲವತ್ತೂ ಸೇರಿಸಿದ್ರೂ ಇದರಷ್ಟು ಕಷ್ಟ ಪಟ್ಟಿಲ್ಲ ನಾನು. ಕೈ ಹೀಗಾದ ಮೇಲೂ ಅಜ್ಜಿ ಹೊಲಿದ್ಲು ಅಂತ ಅವಳಿಗೆ ಗೊತ್ತಾಗ್ಲಿ ಅಂತಿದ್ದೆ. ನೀನು ಒರೆಸಿಬಿಟ್ಟೆ."

ದನಿ ಏರಿಸಲಿಲ್ಲ. ಕೌದಿಯನ್ನು ಅಲ್ಲೇ ಬಿಟ್ಟು ಹೋದರು.

ನರ್ಸಮ್ಮನಿಗೆ ಹೇಳಿಕೊಂಡೆ, ನನ್ನ ಪರ ನಿಲ್ಲುತ್ತಾಳೆ ಎಂದು. "ನಿಂಗ್ಯಾರು ಹೇಳಿದ್ರೇ ಮಾಡೋಕೆ?" ಎಂದಳು. "ಒಳ್ಳೇದಕ್ಕೇ ಮಾಡಿದೆ ಕಣೆ," ಎಂದೆ. "ಆಸ್ಪತ್ರೇಲಿ ದಿನಾ ನೋಡ್ತೀನಿ. ತಾನೇ ತುತ್ತು ಎತ್ತಿ ತಿನ್ನೋ ರೋಗಿ ಕೈಯಿಂದ ಚಮಚ ಕಿತ್ಕೊಂಡು ತಿನ್ಸೋರೂ ಒಳ್ಳೇದಕ್ಕೇ ಮಾಡೋದು," ಎಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ವಾರ ಕಳೆದು ಟೀಚರ ಮನೆಗೆ ಹೋದೆ. ಮೂರನೇ ಮಹಡಿ, ಮೆಟ್ಟಿಲು ಹತ್ತುವಾಗ ಹೇಳಬೇಕಾದದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದಾಗ ಬಾಯಿಗೆ ಬಂದದ್ದು "ತಪ್ಪಾಯ್ತು" ಎಂಬುದೊಂದೇ. ಅವರು ನನ್ನ ಕೈಯತ್ತ ನೋಡಿದರು. "ಬಿಚ್ಚಿದ್ದನ್ನ ಮತ್ತೆ ಡೊಂಕಾಗಿ ಹೊಲಿದು ತಂದಿಲ್ಲ ತಾನೆ?" ಎಂದರು. ನಿಜ ಹೇಳಲೇ? ಒಂದು ರಾತ್ರಿ ಅದನ್ನೂ ಯೋಚಿಸಿದ್ದೆ. ನನ್ನ ಮುಖ ನೋಡಿ ಅವರಿಗೆ ನಗು ಬಂತು.

"ಇನ್ನೊಂದು ಶುರು ಮಾಡಿದ್ದೀನಿ. ಚಿಕ್ಕದು," ಎಂದರು. "ಬೇಕಿದ್ರೆ ಬಂದು ಕೂತ್ಕೋ. ದಾರ ಪೋಣಿಸೋಕೂ ಕೈ ಹಾಕಬಾರದು."

ಮಾರನೆಯ ದಿನದಿಂದ ಸಂಜೆ ಹೋಗಿ ಕೂರತೊಡಗಿದೆ. ಮೊದಲ ದಿನ ಸೂಜಿಗೆ ದಾರ ಪೋಣಿಸಲು ಅವರಿಗೆ ಹನ್ನೊಂದು ನಿಮಿಷ ಬೇಕಾಯಿತು, ಎದುರಿಗೆ ಗಡಿಯಾರವಿತ್ತು. ದಾರ ಸೂಜಿಯ ಕಣ್ಣಿನ ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೋಗುತ್ತದೆ, ಇನ್ನೇನು ಸೇರಿತು ಎನ್ನುವಾಗ ಕೈ ಕುಲುಕುತ್ತದೆ. ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದೆ. ಪುಟ್ಟಿ, ಜೀವನದಲ್ಲಿ ಎಷ್ಟೋ ಭಾರ ಹೊತ್ತಿದ್ದೇನೆ. ಸುಮ್ಮನೆ ಕೂರುವುದು ಅದೆಲ್ಲಕ್ಕಿಂತ ಕಷ್ಟ. ಐದನೆಯ ಸಂಜೆಯ ಹೊತ್ತಿಗೆ ನಾನು ಸೂಜಿ ನೋಡುವುದನ್ನು ಬಿಟ್ಟು ಅವರ ಮುಖ ನೋಡತೊಡಗಿದೆ. ಅಲ್ಲಿ ಸಂಕಟವೇನೂ ಇರಲಿಲ್ಲ. ಲೆಕ್ಕ ಬಿಡಿಸುವವರ ಮುಖ ಅದು. ಸಂಕಟವೆಲ್ಲ ನನ್ನದೇ.

ಏಳು ವಾರ ಹೋದದ್ದು ಹೀಗೆ. ಕಳೆದ ಸೋಮವಾರ ಮೇಲುಹಾಸು ಮುಗಿಯಿತು. ಮೊದಲಿನದಕ್ಕಿಂತ ಡೊಂಕು. ಆನೆಯ ಮೇಲೆ ಹಾಕಿ, ಉಬ್ಬಿದ ಕಡೆ ಹಬೆ ಕೊಟ್ಟು, ಅಂಗೈಯಿಂದ ಸವರಿ, ಗೆರೆ ಹೋದ ಕಡೆಗೇ ಹೊಲಿಗೆಯನ್ನೂ ಒಯ್ದೆ. ಒಂದು ಮೂಲೆಯಲ್ಲಿ ನೆರಿಗೆ ಬಿದ್ದೇಬಿಟ್ಟಿತು. ಬಿಚ್ಚಲಿಲ್ಲ. ನಿನ್ನೆ ಟೀಚರ್ ಬಂದು ಬೆರಳಾಡಿಸಿದರು, ಈ ಸಲ ಎಲ್ಲ ಸಾಲಿಗೂ. ನೆರಿಗೆಯ ಹತ್ತಿರ ನಿಂತು, "ಹತ್ತಕ್ಕೆ ಆರು," ಎಂದರು. "ನನಗಲ್ಲ, ನಿನಗೆ." ಕೌದಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದರು. ನಾನು ನೆಟ್ಟಗೆ ಮಾಡಿದ್ದನ್ನು ನರ್ಸಮ್ಮ ಆಸ್ಪತ್ರೆಗೆ ಒಯ್ದಳು. ಯಾರಿಗಾದರೂ ಬೆಚ್ಚಗಾದರೆ ಸಾಕು.

ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ಅಳಿಯಂದಿರ ಬೆನ್ನುನೋವು ಹೇಗಿದೆ, ಬರೆ. ನಿನ್ನ ಮನೆ ತಣ್ಣಗಿರಲಿ, ನಿನ್ನ ಕೈಗೆ ಎಂದೂ ಆಯಾಸವಾಗದಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ನಿನಗೆ ಮಾತು ಉಗ್ಗುತ್ತಿತ್ತು. ನೀನು ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡಾಗ ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಅಂಗಡಿಯಲ್ಲಿ, ಶಾಲೆಯಲ್ಲಿ, ನಿನ್ನನ್ನು ನೋಡಲು ಬಂದವರ ಮುಂದೆ ಕೂಡ. ಬರಬರುತ್ತ ನೀನು ನನ್ನ ಎದುರು ಮಾತು ಕಡಿಮೆ ಮಾಡಿದೆ. ಈಗ ಕಾಗದ ಮಾತ್ರ ಬರೆಯುತ್ತೀಯೆ, ಫೋನ್ ಮಾಡುವುದಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಪ್ಪನ ಕೊನೆಯ ಹೊತ್ತಿನಲ್ಲಿ ಅವರ ಹತ್ತಿರ ಇದ್ದವಳು ನೀನೊಬ್ಬಳೇ. ನಾನು ಓಡಿ ಬಂದಾಗ ನೀನು ಬಾಗಿಲಲ್ಲಿ ನಿಂತು, "ಅಪ್ಪ ನಿಂಗೆ... ನಿಂಗೆ ಹೇ..." ಎಂದೆ. ನಾನು, "ಗೊತ್ತು, ಧೈರ್ಯವಾಗಿರು ಅಂದ್ರು ತಾನೆ," ಎಂದೆ. ನೀನು ತಲೆ ತಗ್ಗಿಸಿದೆ. ಹನ್ನೊಂದು ವರ್ಷವಾಯಿತು. ಅವರು ಏನು ಹೇಳಿದರೆಂದು ನನಗೆ ಗೊತ್ತಿಲ್ಲ ಮಗಳೇ. ಕಾಗದದಲ್ಲಿ ಬರೆಯಬೇಡ, ಫೋನ್ ಮಾಡಿ ಬಾಯಲ್ಲೇ ಹೇಳು. ಎಷ್ಟು ಹೊತ್ತಾದರೂ ಆಗಲಿ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ.